ಸ್ಪೀಕರ್ ನಾವೇ ಕಟ್ಟುವುದಾದರೆ ಏನೇನು ಕೊಳ್ಳಬೇಕು?

ಸ್ಪೀಕರ್ ಕಟ್ಟುವ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳುವುದು ಇಷ್ಟೇ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬಹುದು. ಅವುಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಹತ್ತಿರ ಒಂದು ಡ್ರಿಲ್, ಒಂದು ಕೈಗರಗಸ ಬಿಟ್ಟರೆ ಬೇರೇನೂ ಇಲ್ಲ. ಒಂದು ವೂಫರ್, ಒಂದು ಟ್ವೀಟರ್ ಇರುವ ಪುಟ್ಟ ಸ್ಪೀಕರ್ ಜೋಡಿ ಕಟ್ಟಬೇಕು ಅನ್ನೋದು ಬಹಳ ದಿನದ ಆಸೆ. ನೋಡಿದ ಕಡೆಯೆಲ್ಲ ಟೇಬಲ್ ಸಾ, ರೌಟರ್, ಹತ್ತಾರು ಕ್ಲ್ಯಾಂಪ್ ಬೇಕು ಅಂತಾರೆ. ಎಲ್ಲಾ ಕೊಳ್ಳಲೇಬೇಕಾ? ಮೊದಲು ಯಾವುದು?

ಉತ್ತರ: ಮೊದಲು ಕೊಳ್ಳಬೇಕಾದ್ದು ಉಪಕರಣ ಅಲ್ಲ, ಡ್ರೈವರ್. ಅಂದರೆ ಕೆಳಸ್ವರ ನುಡಿಸುವ ವೂಫರ್ ಮತ್ತು ಮೇಲುಸ್ವರ ನುಡಿಸುವ ಟ್ವೀಟರ್. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು, ತೂತು ಎಷ್ಟು ಅಗಲ, ಸದ್ದನ್ನು ಎರಡಕ್ಕೂ ಹಂಚಿ ಕಳಿಸುವ ಕ್ರಾಸ್‌ಓವರ್‌ಗೆ ಯಾವ ಭಾಗಗಳು ಬೇಕು ಎಲ್ಲವೂ ಅವುಗಳ ಮೇಲೇ ನಿಂತಿದೆ. ವೂಫರ್ ಜೊತೆ ಬರುವ ಹಾಳೆಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಅಂಕಿ ಇರುತ್ತವೆ, ನೋಡಿ. ಮೊದಲನೆಯದು ಕೋನ್ (ಕಂಪಿಸಿ ಸದ್ದು ಹುಟ್ಟಿಸುವ ಬಟ್ಟಲಿನಂಥ ಭಾಗ) ತಾನಾಗಿ ಕಂಪಿಸುವ ಆವರ್ತನ, ಎರಡನೆಯದು ಆ ಕಂಪನಕ್ಕೆ ಎಷ್ಟು ಹಿಡಿತ ಇದೆ ಅನ್ನೋದು, ಮೂರನೆಯದು ಕೋನನ್ನು ತೂಗಿ ಹಿಡಿದಿರುವ ಭಾಗ ಎಷ್ಟು ಲೀಟರ್ ಗಾಳಿಯಷ್ಟು ಮೆತ್ತಗಿದೆ ಅನ್ನೋದು. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ, 1970ರ ದಶಕದ ಮೊದಲ ವರ್ಷಗಳಲ್ಲಿ ರಿಚರ್ಡ್ ಸ್ಮಾಲ್ ಮುಂದುವರಿಸಿದ ಲೆಕ್ಕ ಇದು. ಇವತ್ತಿಗೂ ಪೆಟ್ಟಿಗೆಯ ಅಳತೆ ಇದರಿಂದಲೇ ಬರೋದು. ಸ್ಥೂಲವಾಗಿ ಹೇಳುವುದಾದರೆ, ಕ್ಯೂಟಿಎಸ್ 0.4ರ ಆಸುಪಾಸು ಅಥವಾ ಕಡಿಮೆ ಇದ್ದರೆ ಪೋರ್ಟ್ (ಗಾಳಿ ಆಡುವ ಕೊಳವೆ) ಇರುವ ಪೆಟ್ಟಿಗೆ, 0.5 ದಾಟಿದರೆ ಮುಚ್ಚಿದ ಪೆಟ್ಟಿಗೆ ಹೊಂದುತ್ತದೆ. ವಿನ್‌ಐಎಸ್‌ಡಿ ಎಂಬ ಉಚಿತ ಸಾಫ್ಟ್‌ವೇರ್‌ಗೆ ಈ ಅಂಕಿಗಳನ್ನು ಹಾಕಿದರೆ ಉಳಿದ ಲೆಕ್ಕ ಅದೇ ಮಾಡಿಕೊಡುತ್ತದೆ.

ಡ್ರೈವರ್ ಕೈಗೆ ಬಂದ ಮೇಲೆ ಅದನ್ನು ವರ್ನಿಯರ್ ಕ್ಯಾಲಿಪರ್‌ನಿಂದ ನೀವೇ ಅಳೆಯಿರಿ. ಹಾಳೆಯಲ್ಲಿ 104 ಮಿಲಿಮೀಟರ್ ಅಂತ ಇದ್ದರೂ ಕೈಯಲ್ಲಿರುವುದು ಅರ್ಧ ಮಿಲಿಮೀಟರ್ ಆಚೀಚೆ ಇರಬಹುದು. ತೂತಿಗೆ ಈ ಅರ್ಧ ಮಿಲಿಮೀಟರ್ ಮುಖ್ಯ. ಆದ್ದರಿಂದ ಮೊದಲ ಉಪಕರಣವಾಗಿ ಕ್ಯಾಲಿಪರ್ ಕೊಳ್ಳಿ, ಸಾಧಾರಣದ್ದೇ ಸಾಕು.

ಟೇಬಲ್ ಸಾ ಬೇಡ. ಹಲಗೆ ಕೊಯ್ಯುವ ಯಂತ್ರ ಇರುವವರ ಹತ್ತಿರ ಕೊಯ್ಯಿಸಿಕೊಳ್ಳಿ. ಒಂದು ಮಾತು ಮಾತ್ರ ಒತ್ತಿ ಹೇಳಿ: ಒಂದೇ ಅಗಲದ ಹಲಗೆಗಳನ್ನೆಲ್ಲ ಯಂತ್ರದ ಸೆಟ್ಟಿಂಗ್ ಬದಲಿಸದೆ ಒಂದೇ ಸಲ ಕೊಯ್ಯಬೇಕು. ನಡುವೆ ಸೆಟ್ಟಿಂಗ್ ಬದಲಿಸಿ ಮತ್ತೆ ಅದೇ ಅಳತೆಗೆ ತಂದರೆ ಒಂದು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಆಮೇಲೆ ಆ ಸಂದು ಮುಚ್ಚೋದಕ್ಕೆ ಇಡೀ ದಿನ ಒದ್ದಾಡಬೇಕು.

ದುಡ್ಡು ಹಾಕುವುದಾದರೆ ರೌಟರ್‌ಗೆ, ಅಂದರೆ ತಿರುಗುವ ಬಿಟ್‌ನಿಂದ ಮರ ಕೊರೆಯುವ ಯಂತ್ರಕ್ಕೆ ಹಾಕಿ. ಆಳವನ್ನು ಇಳಿಸಿ ಏರಿಸಬಹುದಾದ ಪ್ಲಂಜ್ ಮಾದರಿ, ಕಾರ್ಬೈಡ್ ಬಾಯಿಯ ನೇರ ಬಿಟ್ ಒಂದು, ಜೊತೆಗೆ ವೃತ್ತ ಕೊರೆಯುವ ಜಿಗ್. ಜಿಗ್ ಅಂದರೆ ಒಂದು ತೆಳು ಹಲಗೆಯ ತುಂಡು, ಒಂದು ತುದಿಯಲ್ಲಿ ರೌಟರ್, ಇನ್ನೊಂದು ಕಡೆ ಮೊಳೆಯಷ್ಟು ದಪ್ಪದ ಪಿನ್. ನೀವೇ ಮಾಡಿಕೊಳ್ಳಬಹುದು. ಪಿನ್ ಕೇಂದ್ರದಲ್ಲಿ ಕೂತಿರುತ್ತದೆ, ರೌಟರ್ ಸುತ್ತ ತಿರುಗುತ್ತದೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಟ್ವೀಟರ್‌ನ ಅಂಚು ಹಲಗೆಯ ಮಟ್ಟಕ್ಕೆ ಕೂರಬೇಕಾದರೆ ಮೊದಲು ಆ ಅಂಚಿನ ದಪ್ಪದಷ್ಟೇ ಆಳದ ತಗ್ಗನ್ನು ಕೊರೆಯಬೇಕು, ಆಮೇಲೆ ಒಳಗಿನ ಪೂರ್ತಿ ತೂತು. ಉಲ್ಟಾ ಮಾಡಿದರೆ ಪಿನ್ ಕೂರುವ ಕೇಂದ್ರವೇ ಬಿದ್ದುಹೋಗುತ್ತದೆ, ತಗ್ಗು ಕೊರೆಯಲು ಹಿಡಿತವೇ ಇರುವುದಿಲ್ಲ. ಒಂದೇ ಏಟಿಗೆ 18 ಮಿಲಿಮೀಟರ್ ಇಳಿಸಬೇಡಿ. ಒಂದೊಂದು ಸುತ್ತಿಗೂ ಐದು ಮಿಲಿಮೀಟರ್‌ನಂತೆ ಇಳಿಸಿ, ಬಿಟ್ ಸುಡುವುದಿಲ್ಲ. ನಿಮ್ಮ ಹಲಗೆ ಹಾಳಾಗುವ ಮುಂಚೆ ಬೇಡದ ತುಂಡಿನ ಮೇಲೆ ಒಮ್ಮೆ ಕೊರೆದು ಡ್ರೈವರ್ ಕೂರಿಸಿ ನೋಡಿ.

ರೌಟರ್ ಆಗುವುದಿಲ್ಲ ಅಂದರೆ ಜಿಗ್‌ಸಾ ಸಾಕು. ತೂತಿನ ಅಂಚು ಸ್ವಲ್ಪ ಒರಟಾದರೂ ಡ್ರೈವರ್‌ನ ಅಂಚು ಮುಚ್ಚಿಕೊಳ್ಳುತ್ತದೆ. ಡ್ರೈವರ್ ಹಲಗೆಯ ಮೇಲೆ ಎದ್ದು ಕೂರುತ್ತದೆ ಅಷ್ಟೇ, ಮೊದಲ ಜೋಡಿಗೆ ಅದೇನೂ ದೊಡ್ಡ ಕೊರತೆ ಅಲ್ಲ.

ಪ್ರಶ್ನೆ: ಎಂಡಿಎಫ್ ಒಳ್ಳೆಯದಾ, ಪ್ಲೈವುಡ್ಡಾ? ದಪ್ಪ ಎಷ್ಟಿರಬೇಕು?

ಉತ್ತರ: ಪುಟ್ಟ ಪೆಟ್ಟಿಗೆಗೆ 18 ಮಿಲಿಮೀಟರ್ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ) ತೆಗೆದುಕೊಳ್ಳಿ. ಒಂದೇ ಸಮ ಇರುತ್ತದೆ, ಒಳಗೆ ಗಂಟು, ಟೊಳ್ಳು ಇರುವುದಿಲ್ಲ, ರೌಟರ್‌ಗೆ ಬೆಣ್ಣೆ ಕೊಯ್ದಂತೆ. ಆದರೆ ಭಾರ ಜಾಸ್ತಿ: ಎಂಟಕ್ಕೆ ನಾಲ್ಕು ಅಡಿಯ ಹಾಳೆ ಸುಮಾರು 40 ಕೆಜಿ ತೂಗುತ್ತದೆ. ನೀರು ಸೋಕಿದರೆ ಊದಿಕೊಳ್ಳುತ್ತದೆ. ಕೊಯ್ದ ಅಂಚು ಬಣ್ಣವನ್ನೆಲ್ಲ ಹೀರುತ್ತದೆ, ಹಾಗಾಗಿ ಬಣ್ಣಕ್ಕೆ ಮುಂಚೆ ನೀರು ಬೆರೆಸಿದ ಬಿಳಿ ಗೋಂದನ್ನು ಅಂಚಿಗೆ ಬಳಿದು, ಒಣಗಿಸಿ, ಉಜ್ಜಿಕೊಳ್ಳಿ. ಪ್ಲೈವುಡ್ ಹಗುರ, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ, ಆಗಾಗ ಹೊತ್ತು ತಿರುಗುವ ಸ್ಪೀಕರ್‌ಗೆ ಅದೇ ಸರಿ. ಒಳಪದರಗಳಲ್ಲಿ ಟೊಳ್ಳು ಇಲ್ಲದ ಬರ್ಚ್ ಪ್ಲೈವುಡ್ ಆದರೆ ಮಾತ್ರ ತೆಗೆದುಕೊಳ್ಳಿ. ಟೊಳ್ಳಿದ್ದರೆ ಅಲ್ಲಿ ಗಾಳಿ ಸೋರುತ್ತದೆ, ಪದರ ಜಿರ್ರನೆ ಸದ್ದು ಮಾಡುತ್ತದೆ.

ದಪ್ಪದ ವಿಷಯಕ್ಕೆ ಬಂದರೆ, 25 ಮಿಲಿಮೀಟರ್ ಹಲಗೆ ಹಾಕುವ ಬದಲು 18ರದ್ದೇ ಹಾಕಿ, ಒಳಗೆ ಎದುರುಬದುರು ಗೋಡೆಗಳ ನಡುವೆ ಒಂದು ಅಡ್ಡಪಟ್ಟಿ ಕೊಡಿ. ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಿ. ಪಟ್ಟಿ ಹಾಕುವ ಮುಂಚೆ "ಟೊಂಯ್" ಅನ್ನುವ ಸದ್ದು, ಹಾಕಿದ ಮೇಲೆ "ಟಕ್" ಆಗಿ ನಿಂತುಹೋಗುತ್ತದೆ. ಆ ವ್ಯತ್ಯಾಸವನ್ನು ಮೊದಲ ಸಲ ಕೇಳಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

ಹಲಗೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ. ಹೊರಗಿನಿಂದ 20, 32, 25 ಸೆಂಟಿಮೀಟರ್ ಇರುವ ಪೆಟ್ಟಿಗೆ 16 ಲೀಟರ್ ಅಂತ ಕಾಣುತ್ತದೆ. 18 ಮಿಲಿಮೀಟರ್ ಹಲಗೆ ಕಳೆದರೆ ಒಳಗೆ ಉಳಿಯೋದು ಬರೀ 10 ಲೀಟರ್. ಅದರಲ್ಲೂ ವೂಫರ್‌ನ ಆಯಸ್ಕಾಂತ, ಅಡ್ಡಪಟ್ಟಿ, ಕ್ರಾಸ್‌ಓವರ್ ಒಂದಿಷ್ಟು ಜಾಗ ತಿನ್ನುತ್ತವೆ. ಹಲಗೆ ಕೊಯ್ಯಿಸುವ ಮುಂಚೆ ಈ ಲೆಕ್ಕ ಎರಡು ಸಲ ಮಾಡಿ.

ಇನ್ನೊಂದು: ಎಂಡಿಎಫ್ ಧೂಳು ತುಂಬ ನುಣುಪು, ಅದರಲ್ಲಿ ಅಂಟಿನ ರಾಳವೂ ಇರುತ್ತದೆ. ಕೊಯ್ಯುವಾಗ, ಉಜ್ಜುವಾಗ ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು.

ಪ್ರಶ್ನೆ: ಕ್ಲ್ಯಾಂಪ್ ಎಷ್ಟು ಬೇಕು? ಸ್ಕ್ರೂ ಹಾಕಿದರೆ ಆಗಲ್ವಾ?

ಉತ್ತರ: ಒಂದು ಪೆಟ್ಟಿಗೆಗೆ ಆರು ಉದ್ದ ಕ್ಲ್ಯಾಂಪ್ ಇದ್ದರೆ ಆರಾಮ. ಇಲ್ಲದಿದ್ದರೆ ಸಾಮಾನು ಬಿಗಿಯುವ ರ‍್ಯಾಚೆಟ್ ಪಟ್ಟಿ ಎರಡು ಮೂರು ಸಾಕು, ಸುತ್ತಲೂ ಒಂದೇ ಸಮ ಒತ್ತಡ ಕೊಡುತ್ತವೆ. ಮೂಲೆಗೆ ರಟ್ಟು ಇಡಿ, ಅಂಚು ಜಜ್ಜುವುದಿಲ್ಲ. ಬಿಗಿದ ಕೂಡಲೇ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಇದ್ದರೆ ಪೆಟ್ಟಿಗೆ ಓರೆಯಾಗಿಲ್ಲ. ಮರಕ್ಕೆ ಹಾಕುವ ಬಿಳಿ ಗೋಂದು ಸರಿಯಾಗಿ ಒತ್ತಿ ಒಣಗಿದರೆ ಎಂಡಿಎಫ್‌ಗಿಂತ ಗಟ್ಟಿ, ಸ್ಕ್ರೂ ಬೇಕಾಗುವುದಿಲ್ಲ. ಕ್ಲ್ಯಾಂಪ್ ಇಲ್ಲ ಅಂತ ಸ್ಕ್ರೂ ಹಾಕುವುದಾದರೆ ಮೊದಲು ಸಣ್ಣ ತೂತು ಕೊರೆದುಕೊಳ್ಳಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಎಲ್ಲ ಒಣಗಿದ ಮೇಲೆ ಒಳಮೂಲೆಗಳಿಗೆಲ್ಲ ಬೆರಳಿನಿಂದ ಇನ್ನೊಂದು ಎಳೆ ಗೋಂದು ಹಚ್ಚಿ.

ಪೆಟ್ಟಿಗೆ ಸೋರುತ್ತಿದೆಯಾ ಅಂತ ತಿಳಿಯಲು: ಮುಚ್ಚಿದ ಪೆಟ್ಟಿಗೆಯಾದರೆ ವೂಫರ್‌ನ ಕೋನನ್ನು ಎರಡೂ ಕೈಯ ಬೆರಳುಗಳಿಂದ ಮೆಲ್ಲಗೆ, ಸಮನಾಗಿ ಒಳಗೆ ಒತ್ತಿ ಬಿಡಿ. ನಿಧಾನಕ್ಕೆ ಮೇಲೆ ಬಂದರೆ ಗಾಳಿ ಒಳಗೇ ಇದೆ. ತಟ್ಟನೆ ಬಂದರೆ ಎಲ್ಲೋ ಸಂದು ಇದೆ. ಪೋರ್ಟ್ ಇರುವುದಾದರೆ 40 ಹರ್ಟ್ಜ್ ಸ್ವರವನ್ನು ಸಣ್ಣಗೆ ಹಾಕಿ, ಒದ್ದೆ ಬೆರಳನ್ನು ಪ್ರತಿ ಸಂದಿನ ಉದ್ದಕ್ಕೂ ಓಡಿಸಿ. ಸೋರುವ ಕಡೆ ತಣ್ಣಗೆ ಗಾಳಿ ತಾಗುತ್ತದೆ. ಹೆಚ್ಚಾಗಿ ಸೋರೋದು ಡ್ರೈವರ್‌ನ ಅಂಚಿನಲ್ಲಿ ಮತ್ತು ಹಿಂದಿನ ವೈರ್ ಟರ್ಮಿನಲ್ ಹತ್ತಿರ. ಎರಡಕ್ಕೂ ಮೆತ್ತನೆಯ ಫೋಮ್ ಟೇಪ್ ಅಂಟಿಸಿ ಕೂರಿಸಿ.

ಪ್ರಶ್ನೆ: ಪೋರ್ಟ್‌ಗೆ ಪ್ಲಂಬಿಂಗ್‌ನ ಪಿವಿಸಿ ಪೈಪ್ ನಡೆಯುತ್ತಾ?

ಉತ್ತರ: ಖಂಡಿತ. 20 ಲೀಟರ್ ಪೆಟ್ಟಿಗೆಯನ್ನು 45 ಹರ್ಟ್ಜ್‌ಗೆ ಶ್ರುತಿ ಮಾಡಬೇಕಾದರೆ ಒಳವ್ಯಾಸ 5 ಸೆಂಟಿಮೀಟರ್ ಇರುವ ಪೈಪ್ ಸುಮಾರು 11 ಸೆಂಟಿಮೀಟರ್ ಉದ್ದ ಬೇಕು. ಎರಡು ಸೆಂಟಿಮೀಟರ್ ಜಾಸ್ತಿಯೇ ಕತ್ತರಿಸಿಕೊಳ್ಳಿ, ಆಮೇಲೆ ಕೇಳುತ್ತಾ ಕಡಿಮೆ ಮಾಡಬಹುದು. ಒಳತುದಿಯಿಂದ ಹಿಂದಿನ ಗೋಡೆಗೆ ಪೈಪಿನ ವ್ಯಾಸದಷ್ಟಾದರೂ ಜಾಗ ಇರಲಿ. ತುದಿಗಳನ್ನು ಸ್ಯಾಂಡ್‌ಪೇಪರ್‌ನಿಂದ ದುಂಡಗೆ ಉಜ್ಜಿದರೆ ಗಾಳಿಯ ಸುಯ್‌ಗುಟ್ಟುವಿಕೆ ಕಡಿಮೆಯಾಗುತ್ತದೆ.

ಪ್ರಶ್ನೆ: ಕ್ರಾಸ್‌ಓವರ್‌ಗೆ ದುಬಾರಿ ಕೆಪಾಸಿಟರ್ ಹಾಕಿದರೆ ಧ್ವನಿ ಬದಲಾಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ನಿಜಾನಾ?

ಉತ್ತರ: ಸರಿಯಾದ ಮೌಲ್ಯದ, ಅಂದರೆ ಸರಿಯಾದ ಮೈಕ್ರೋಫ್ಯಾರಡ್‌ನ, ಸಾಧಾರಣ ಪಾಲಿಪ್ರೊಪಿಲೀನ್ ಕೆಪಾಸಿಟರ್ ಸಾಕು. ಟ್ವೀಟರ್‌ನ ದಾರಿಯಲ್ಲಿ ಅದನ್ನೇ ಹಾಕಿ. ದೊಡ್ಡ ಮೌಲ್ಯ ಬೇಕಾದ, ಮೈನಸ್ ತಂತಿಯ ಕಡೆಗೆ ಹೋಗುವ ಜಾಗಕ್ಕೆ ನಾನ್-ಪೋಲಾರ್ ಎಲೆಕ್ಟ್ರೊಲಿಟಿಕ್ ನಡೆಯುತ್ತದೆ, ಹತ್ತಾರು ವರ್ಷದಲ್ಲಿ ಒಣಗುತ್ತದೆ ಅನ್ನೋದು ನೆನಪಿರಲಿ. ಉಳಿದ ದುಡ್ಡನ್ನು ಕಾಯಿಲ್‌ಗೆ, ಅಂದರೆ ತಂತಿಯ ಸುರುಳಿಗೆ ಹಾಕಿ. ವೂಫರ್ ಜೊತೆ ಸಾಲಾಗಿ ಕೂರುವ ಕಾಯಿಲ್‌ನ ತಂತಿ ತೆಳುವಾಗಿದ್ದರೆ ಅದರ ರೋಧವೇ ಅರ್ಧ ಓಮ್ ದಾಟುತ್ತದೆ, ಶಕ್ತಿ ತಿನ್ನುತ್ತದೆ, ಬಾಸ್‌ನ ಹಿಡಿತವನ್ನೂ ಸಡಿಲ ಮಾಡುತ್ತದೆ. ಕಬ್ಬಿಣದ ತಿರುಳಿರುವ ಕಾಯಿಲ್‌ನಲ್ಲಿ ರೋಧ ಕಡಿಮೆ, ಆದರೆ ಜೋರು ಸದ್ದಿಗೆ ತಿರುಳಿನ ಆಯಸ್ಕಾಂತತೆ ಮಿತಿ ಮುಟ್ಟುವ ಅಪಾಯ. ಟ್ವೀಟರ್ ಕಡೆಗೆ ಗಾಳಿ ತಿರುಳಿನದೇ, ಅಂದರೆ ಒಳಗೆ ಕಬ್ಬಿಣ ಇಲ್ಲದ್ದೇ ಇರಲಿ. ಎರಡು ಕಾಯಿಲ್‌ಗಳನ್ನು ಒಂದರ ಪಕ್ಕ ಒಂದು ಒಂದೇ ದಿಕ್ಕಿಗೆ ಇಡಬೇಡಿ. ದೂರ ಇಡಿ, ಒಂದನ್ನು ಮಲಗಿಸಿ, ಒಂದನ್ನು ನಿಲ್ಲಿಸಿ. ರೆಸಿಸ್ಟರ್ 10 ವ್ಯಾಟ್‌ನದು.

ಒಂದು ಎಚ್ಚರಿಕೆ ಹೇಳಲೇಬೇಕು. ಪುಸ್ತಕದ ಸೂತ್ರಕ್ಕೆ 8 ಓಮ್, 3000 ಹರ್ಟ್ಜ್ ಹಾಕಿದರೆ 6.6 ಮೈಕ್ರೋಫ್ಯಾರಡ್, 0.42 ಮಿಲಿಹೆನ್ರಿ ಅಂತ ಬರುತ್ತದೆ. ಆದರೆ ಯಾವ ಡ್ರೈವರೂ ಎಲ್ಲ ಆವರ್ತನದಲ್ಲಿ 8 ಓಮ್ ಇರುವುದಿಲ್ಲ. ಆ ಲೆಕ್ಕದಿಂದ ಸಿದ್ಧವಾದ ಕ್ರಾಸ್‌ಓವರ್ ಹೆಚ್ಚಿನ ಸಲ ನಿರಾಸೆ ಮಾಡುತ್ತದೆ. ಮೊದಲ ಸಲ ಯಾರಾದರೂ ಅಳೆದು, ಕೇಳಿ, ತಿದ್ದಿ ಪ್ರಕಟಿಸಿದ ವಿನ್ಯಾಸವನ್ನೇ ಕಟ್ಟಿ. ಅದೇ ಡ್ರೈವರ್, ಅದೇ ಮುಂಭಾಗದ ಅಗಲ, ಅದೇ ಭಾಗಗಳು. ಮುಂದಿನ ಹಲಗೆಯ ಅಗಲ ಬದಲಿಸಿದರೂ ಧ್ವನಿ ಬದಲಾಗುತ್ತದೆ, ಅದಕ್ಕೇ ಹೇಳಿದ್ದು.

ಬೆಸುಗೆಗೆ 40ರಿಂದ 60 ವ್ಯಾಟ್‌ನ ಐರನ್, ರೋಸಿನ್ ತಿರುಳಿನ ಸೋಲ್ಡರ್. ದಪ್ಪ ಕಾಯಿಲ್ ತಂತಿಗೆ 25 ವ್ಯಾಟ್ ಸಾಲದು. ಕಾಯಿಲ್ ತಂತಿಯ ತುದಿಯ ಬಣ್ಣದ ಲೇಪವನ್ನು ಹೊಳೆಯುವ ತಾಮ್ರ ಕಾಣುವ ತನಕ ಕೆರೆದುಕೊಳ್ಳಿ, ಇಲ್ಲದಿದ್ದರೆ ಸೋಲ್ಡರ್ ಹಿಡಿಯುವುದೇ ಇಲ್ಲ.

ಪ್ರಶ್ನೆ: ಒಳಗೆ ಮೊಟ್ಟೆ ಟ್ರೇ ಅಂಟಿಸಬಹುದಾ?

ಉತ್ತರ: ಬೇಡ, ಅದರಿಂದ ಏನೂ ಆಗುವುದಿಲ್ಲ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಹಾಕಿ. ಮುಚ್ಚಿದ ಪೆಟ್ಟಿಗೆಯಲ್ಲಿ ಸಡಿಲವಾಗಿ ತುಂಬಿ. ಪೋರ್ಟ್ ಇದ್ದರೆ ಗೋಡೆಗಳಿಗೆ ಮಾತ್ರ ಹಚ್ಚಿ, ಪೈಪಿನ ಬಾಯಿಗೆ ಅಡ್ಡ ಬಾರದಿರಲಿ.

ಪ್ರಶ್ನೆ: ಅಳೆಯುವ ಮೈಕ್ ಕೊಳ್ಳಲೇಬೇಕಾ? ಕಿವಿಯಿಂದ ತಿದ್ದಲು ಆಗಲ್ವಾ?

ಉತ್ತರ: ಸಿದ್ಧ ವಿನ್ಯಾಸ ಕಟ್ಟುತ್ತಿದ್ದರೆ ಬೇಡ, ಒಂದು ಮಲ್ಟಿಮೀಟರ್ ಸಾಕು. 8 ಓಮ್ ಅಂತ ಬರೆದಿರುವ ಡ್ರೈವರ್ ಮೀಟರ್‌ನಲ್ಲಿ 5.5ರಿಂದ 6.5 ಓಮ್ ತೋರಿಸುತ್ತದೆ, ಗಾಬರಿ ಬೇಡ. ಸ್ವಂತ ವಿನ್ಯಾಸಕ್ಕೆ ಇಳಿದ ದಿನ ಮೈಕ್ ಬೇಕು, ಬೇರೆ ದಾರಿ ಇಲ್ಲ. ಕಿವಿ ಅರ್ಧ ಗಂಟೆಯಲ್ಲಿ ಯಾವ ಧ್ವನಿಗೂ ಒಗ್ಗಿಕೊಳ್ಳುತ್ತದೆ. ತನ್ನದೇ ಕ್ಯಾಲಿಬ್ರೇಶನ್ ಫೈಲ್ ಜೊತೆ ಬರುವ ಯುಎಸ್‌ಬಿ ಮೈಕ್ ಕೊಳ್ಳಿ. ಅಳೆಯಲು ರೂಮ್ ಇಕ್ಯೂ ವಿಝಾರ್ಡ್, ವಿನ್ಯಾಸಕ್ಕೆ ವಿಟುಯಿಕ್ಸ್‌ಕ್ಯಾಡ್. ಎರಡೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್.

ಪ್ರಶ್ನೆ: ಒಳಗಿನ ವೈರ್ ಎಷ್ಟು ದಪ್ಪ?

ಉತ್ತರ: 1.5 ಚದರ ಮಿಲಿಮೀಟರ್ ತಾಮ್ರ. ಮೂರು ಮೀಟರ್ ಉದ್ದ ಹೋಗಿಬಂದರೂ ರೋಧ 0.07 ಓಮ್ ಅಷ್ಟೇ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ.

ಪ್ರಶ್ನೆ: ಡ್ರೈವರ್ ಕೂರಿಸಲು ಪವರ್ ಡ್ರಿಲ್ ಬಳಸಬಹುದಾ?

ಉತ್ತರ: ದಯವಿಟ್ಟು ಬೇಡ. ನನ್ನ ಎರಡನೇ ಜೋಡಿಯ ಕೊನೇ ಸ್ಕ್ರೂ ಹಾಕುವಾಗ ಬಿಟ್ ಜಾರಿತು, ಆಯಸ್ಕಾಂತ ಅದನ್ನು ತನ್ನ ಕಡೆ ಎಳೆದುಕೊಂಡಿತು, ಕಾಗದದ ಕೋನ್‌ನಲ್ಲಿ ಬಟಾಣಿ ಗಾತ್ರದ ತೂತು. ಎರಡು ವಾರ ಹೊಸ ವೂಫರ್‌ಗೆ ಕಾದೆ. ಕೈ ಸ್ಕ್ರೂಡ್ರೈವರ್ ಹಿಡಿಯಿರಿ, ಇನ್ನೊಂದು ಕೈಯಲ್ಲಿ ಕೋನ್ ಮೇಲೆ ರಟ್ಟು ಅಡ್ಡ ಹಿಡಿಯಿರಿ.

ಪ್ರಶ್ನೆ: ಕಟ್ಟಿ ಮುಗಿಸಿದೆ. ಒಂದೊಂದೇ ಹಾಕಿದರೆ ಎರಡೂ ಸ್ಪೀಕರ್ ಚೆನ್ನಾಗಿವೆ. ಒಟ್ಟಿಗೆ ಹಾಕಿದರೆ ಬಾಸ್ ಮಾಯ, ಹಾಡುವವರ ಧ್ವನಿ ನಡುವೆ ನಿಲ್ಲದೆ ಎಲ್ಲೋ ತೇಲುತ್ತದೆ. ಭಾಗ ಕೆಟ್ಟಿದೆಯಾ?

ಉತ್ತರ: ಏನೂ ಕೆಟ್ಟಿರಲಿಕ್ಕಿಲ್ಲ. ಒಂದರ ಪ್ಲಸ್, ಮೈನಸ್ ಉಲ್ಟಾ ಆಗಿರಬೇಕು. ಆಂಪ್ಲಿಫೈಯರ್‌ನಿಂದ ವೈರ್ ಬಿಚ್ಚಿ. 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಸ್ಪೀಕರ್‌ನ ಕೆಂಪು ಟರ್ಮಿನಲ್‌ಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ. ಟ್ವೀಟರ್‌ಗೆ ಏನೂ ಆಗುವುದಿಲ್ಲ, ಅದರ ದಾರಿಯ ಕೆಪಾಸಿಟರ್ ತಡೆಯುತ್ತದೆ. ವೂಫರ್ ಕೋನ್ ಹೊರಗೆ ಬಂದರೆ ಸರಿ ಇದೆ, ಒಳಗೆ ಹೋದರೆ ಅದೇ ತಪ್ಪಿದ್ದು. ಆ ಪೆಟ್ಟಿಗೆಯನ್ನು ಬಿಚ್ಚಿ, ಟರ್ಮಿನಲ್‌ನಿಂದ ಕ್ರಾಸ್‌ಓವರ್‌ಗೆ ಹೋಗುವ ಎರಡು ವೈರ್ ಅದಲುಬದಲು ಮಾಡಿ. ಎರಡೂ ಹೊರಗೇ ಬಂದರೆ ಪೆಟ್ಟಿಗೆ ಮುಟ್ಟಬೇಡಿ, ಆಂಪ್ಲಿಫೈಯರ್ ಹಿಂದೆ ಹೋಗಿ ಅಲ್ಲಿ ಯಾವ ವೈರ್ ಎಲ್ಲಿ ಕೂತಿದೆ ನೋಡಿ.