ಸಮುದ್ರ ಅಳೆಯೋ ಸ್ಯಾಟಲೈಟ್ ಇರೋ ಎತ್ತರ ಗೊತ್ತಾಗೋದು ಹೇಗೆ?

ಪ್ರಶ್ನೆ: ಸಮುದ್ರ ವರ್ಷಕ್ಕೆ ಮೂರು ಚಿಲ್ಲರೆ ಮಿಲಿಮೀಟರ್ ಏರ್ತಿದೆ ಅಂತ ಸ್ಯಾಟಲೈಟಿಂದ ಅಳೆದು ಹೇಳ್ತಾರಲ್ಲ ಸರ್, ಆ ಸ್ಯಾಟಲೈಟೇ ಅಷ್ಟು ಮೇಲೆ ಓಡ್ತಿರುತ್ತೆ, ಅದರ ಎತ್ತರ ಅಷ್ಟು ಕರೆಕ್ಟಾಗಿ ಹೇಗೆ ಗೊತ್ತಾಗುತ್ತೆ?
— ಓದುಗರೊಬ್ಬರು, ಕುಮಟಾ

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದೀರ. ಸ್ಯಾಟಲೈಟಿನ ರೇಡಾರ್ ಹೇಳೋದು ನೀರು ತನ್ನಿಂದ ಎಷ್ಟು ದೂರ ಅಂತ ಅಷ್ಟೇ. ಸ್ಯಾಟಲೈಟಿನ ಎತ್ತರದಲ್ಲಿ ಆ ದೂರ ಕಳೆದ್ರೆ ಸಮುದ್ರದ ಮಟ್ಟ ಸಿಗುತ್ತೆ, ಹಾಗಾಗಿ ಎತ್ತರ 5 ಸೆಂ.ಮೀ. ತಪ್ಪಿದ್ರೆ ಸಮುದ್ರಾನೂ 5 ಸೆಂ.ಮೀ. ತಪ್ಪುತ್ತೆ.

ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಸೇರಿ ಮಾಡಿದ, ಸಮುದ್ರ ಅಳೆಯೋ ಸರಲ್ ಸ್ಯಾಟಲೈಟ್ ತಗೊಳ್ಳಿ, 2013ರ ಫೆಬ್ರವರಿ 25ಕ್ಕೆ ಶ್ರೀಹರಿಕೋಟಾದಿಂದ ಹೋಯ್ತು, ಸುಮಾರು 800 ಕಿ.ಮೀ. ಎತ್ತರ, ಸೆಕೆಂಡಿಗೆ ಏಳೂವರೆ ಕಿ.ಮೀ. ಸ್ಪೀಡು. ಅದಕ್ಕೆ ಡೋರಿಸ್ ಅನ್ನೋ ರಿಸೀವರ್ ಹಾಕಿದ್ರು. ಪ್ರಪಂಚದ ಬೇರೆ ಬೇರೆ ಕಡೆ ನೆಲದ ಮೇಲಿರೋ ಬೀಕನ್‌ಗಳು ಸಿಗ್ನಲ್ ಕಳಿಸ್ತಾನೇ ಇರ್ತವೆ, ಸ್ಯಾಟಲೈಟ್ ಹತ್ರ ಬರುವಾಗ ಫ್ರೀಕ್ವೆನ್ಸಿ ಚೂರು ಏರುತ್ತೆ, ದೂರ ಹೋಗ್ತಾ ಇಳಿಯುತ್ತೆ, ಆ ಏರಿಳಿತದಿಂದ ವೇಗ ಸಿಗುತ್ತೆ, ವೇಗದಿಂದ ಅದು ಹೋಗೋ ದಾರಿ, ಎತ್ತರ ಲೆಕ್ಕ ಹಾಕ್ತಾರೆ. ಕಳಿಸೋದು ಎರಡು ಫ್ರೀಕ್ವೆನ್ಸಿಲಿ, ಯಾಕಂದ್ರೆ ದಾರೀಲಿ ಅಯಾನುಗೋಳ (ಮೇಲಿನ ವಾತಾವರಣದಲ್ಲಿ ವಿದ್ಯುತ್ ಕಣ ತುಂಬಿರೋ ಪದರ) ಮಾಡೋ ಗೊಂದಲಾನ ಎರಡನ್ನೂ ಹೋಲಿಸಿ ತೆಗೆದುಹಾಕಬಹುದು. ಇದರ ಜೊತೆಗೆ ನೆಲದಿಂದ ಲೇಸರ್ ಹೊಡೀತಾರೆ, ಸ್ಯಾಟಲೈಟಿಗೆ ಕೂರಿಸಿರೋ ಪ್ರಿಸಂಗಳು ಬೆಳಕನ್ನ ಬಂದ ದಾರೀಲೇ ವಾಪಸ್ ಕಳಿಸ್ತವೆ. ಹೋಗಿ ಬರೋ ಟೈಮಲ್ಲಿ 1 ನ್ಯಾನೋಸೆಕೆಂಡ್ ಹೆಚ್ಚುಕಮ್ಮಿ ಆದ್ರೂ ದೂರದಲ್ಲಿ 15 ಸೆಂ.ಮೀ. ವ್ಯತ್ಯಾಸ! ಮೋಡ ಬಂದ್ರೆ ಮಾತ್ರ ಲೇಸರ್ ನಡೆಯಲ್ಲ.

ಅಳತೆ ಬಿಟ್ಟು ಬಿಟ್ಟು ಸಿಗೋದ್ರಿಂದ ನಡುವಿನ ದಾರೀನ ಭೌತಶಾಸ್ತ್ರದಿಂದ್ಲೇ ತುಂಬಬೇಕು: ಭೂಮಿಯ ಗುರುತ್ವ ಎಲ್ಲೆಲ್ಲಿ ಎಷ್ಟೆಷ್ಟಿದೆ, ಇದ್ದಬದ್ದ ಗಾಳಿ ಎಷ್ಟು ಎಳೆಯುತ್ತೆ, ಬಿಸಿಲು ಎಷ್ಟು ತಳ್ಳುತ್ತೆ ಎಲ್ಲಾ. ಸಮುದ್ರ ಅಳೆಯೋಕೇ 1992ರಲ್ಲಿ ಹಾರಿಸಿದ ಟೋಪೆಕ್ಸ್/ಪೊಸೈಡನ್ ಸ್ಯಾಟಲೈಟನ್ನ 1,336 ಕಿ.ಮೀ. ಎತ್ತರದಲ್ಲಿಟ್ಟಿದ್ದಕ್ಕೆ ಅಲ್ಲಿ ಗಾಳಿ ತೀರಾ ತೆಳು ಅನ್ನೋದೂ ಒಂದು ಕಾರಣ. ಎತ್ತರದ ತಪ್ಪು 13 ಸೆಂ.ಮೀ. ಒಳಗಿದ್ರೆ ಸಾಕು ಅಂತ ಹೊರಟೋರು, ಗುರುತ್ವದ ಮಾಡೆಲ್ ಸುಧಾರಿಸ್ತಾ ಎರಡು-ಮೂರು ಸೆಂ.ಮೀ.ಗೆ ತಂದ್ರು, ನನ್ನ ಪ್ರಕಾರ ರೇಡಾರ್‌ಗಿಂತ ದೊಡ್ಡ ಸಾಧನೆ ಇದೇ.

ಸೆಂಟಿಮೀಟರ್ ತಪ್ಪಿಟ್ಕೊಂಡು ಮಿಲಿಮೀಟರ್ ಹೇಗೆ ಹೇಳ್ತಾರೆ ಅಂತೀರ? ಟೋಪೆಕ್ಸ್ ಥರದ ಸ್ಯಾಟಲೈಟ್ ಸುಮಾರು ಹತ್ತು ದಿನಕ್ಕೊಮ್ಮೆ ಅದೇ ಜಾಗಗಳ ಮೇಲೆ ಮತ್ತೆ ಹಾಯುತ್ತೆ, ಆ ಹತ್ತು ದಿನದ ಲಕ್ಷಾಂತರ ಅಳತೆಗಳ ಸರಾಸರಿ ತೆಗೀತಾರೆ, ಕರಾವಳೀಲಿ ನೀರಿನ ಮಟ್ಟ ಅಳೆಯೋ ಟೈಡ್ ಗೇಜ್‌ಗಳ ಜೊತೆ ತಾಳೆ ನೋಡ್ತಾರೆ. ಅತ್ತಿತ್ತ ಆಡೋ ತಪ್ಪು ಸರಾಸರೀಲಿ ಕರಗುತ್ತೆ, ಒಂದೇ ಕಡೆ ನಿಧಾನಕ್ಕೆ ಸರಿಯೋ ತಪ್ಪು ಕರಗಲ್ಲ, ಅದೇ ಅಪಾಯ. ಬೀಕನ್ ಇರೋ ನೆಲಾನೇ ಸರೀತಿರುತ್ತೆ ನೋಡಿ, ನಮ್ಮ ಭಾರತ ಕೂತಿರೋ ಭೂಫಲಕಾನೇ (ಭೂಮಿಯ ಹೊರಪದರದ ದೊಡ್ಡ ತುಂಡು) ವರ್ಷಕ್ಕೆ ಸುಮಾರು 5 ಸೆಂ.ಮೀ. ಹೋಗುತ್ತೆ. ಅದಕ್ಕೇ ಸ್ಟೇಷನ್‌ಗಳ ಜಾಗ, ವೇಗ ಎರಡನ್ನೂ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಲೆಕ್ಕ ಹಾಕಿ, ಹಳೇ ಮಿಷನ್‌ಗಳ ಕಕ್ಷೇನೂ ಮತ್ತೆ ಮೊದಲಿಂದ ತೆಗೀತಾರೆ.