ಕಾಗದ ಇದೆ, ಮೀನು ಎಲ್ಲಿ?

ನಮಸ್ಕಾರ. ಮೀನಿನ ವಿಜ್ಞಾನಿಗಳು ಒಬ್ಬರಿಗೊಬ್ಬರು ಬರೆದುಕೊಂಡ ಹಳೇ ಕಾಗದಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಭಾಷೆ ಶುದ್ಧವಾಗಿದೆ, ವಿರಾಜಪೇಟೆಯಲ್ಲಿ ಕೂತು ಇಂಥದ್ದಕ್ಕೆ ಕೈಹಾಕಿದ್ದೀರಿ ಅನ್ನೋದು ಖುಷಿ. ಆದರೆ ಎರಡನೇ ಪುಟ ಓದಿ ನನಗೆ ರೇಗಿಹೋಯಿತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

"ಫ್ರಾನ್ಸಿಸ್ ಡೇ ಮತ್ತು ಆಲ್ಬರ್ಟ್ ಗುಂಥರ್ ನಡುವೆ ಜ್ಞಾನದ ಅಮೃತಧಾರೆ ಹರಿಯಿತು" ಅಂದಿದ್ದೀರಿ. ಎಲ್ಲಿಯ ಅಮೃತ ಮಾರಾಯ್ರೇ? ಅವರಿಬ್ಬರಿಗೂ ಆಗಿಬರುತ್ತಿರಲಿಲ್ಲ. ಗುಂಥರ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು 1859ರಿಂದ 1870ರವರೆಗೆ ಎಂಟು ಸಂಪುಟ ಮೀನಿನ ಪಟ್ಟಿ ಮಾಡಿದವರು. ಡೇ ಮದ್ರಾಸ್ ಕಡೆಯ ಸರ್ಕಾರಿ ಡಾಕ್ಟರು, ಇಲ್ಲಿನ ಹೊಳೆ ಹೊಳೆ ಸುತ್ತಿ ಮೀನು ಕೂಡಿಹಾಕಿದವರು. ಮನಸ್ತಾಪ ಎಷ್ಟು ಬೆಳೆಯಿತೆಂದರೆ 1880ರ ದಶಕದಲ್ಲಿ ಡೇ ತಮ್ಮ ಸಂಗ್ರಹದ ದೊಡ್ಡ ಪಾಲನ್ನು ಲಂಡನ್ನಿಗೆ ಕೊಡದೆ ಸಿಡ್ನಿಯ ಮ್ಯೂಸಿಯಮ್ಮಿಗೆ ಮಾರಿಬಿಟ್ಟರು. ಇಷ್ಟು ಒಳ್ಳೇ ಜಗಳ ಕೈಯಲ್ಲಿದ್ದೂ ನೀವು ಸುಮ್ನೆ ಅಮೃತ ಸುರಿದಿದ್ದೀರಿ.

ಅದರ ಕೆಳಗಿನ ಸಾಲು: "ಕೊಡಗಿನ ಒಂದು ಬಗೆಯ ಮೀನೂ ಅವರ ಗಮನ ಸೆಳೆಯಿತು." ಯಾವ ಮೀನು? ಯಾವ ಹೊಳೆಯದು? ಕೊಡಗಿನವರೇ ಹೀಗೆ ಬರೆದರೆ ಹೇಗೆ! 1869ರಲ್ಲಿ ಡೇ 'ನ್ಯಾಶಿ' ಅಂತ ಹೆಸರಿಟ್ಟ ಮೀನು ಫ್ರೇಸರ್‌ಪೇಟೆ ಹೊಳೆಯದು, ಅಂದರೆ ನಮ್ಮ ಕುಶಾಲನಗರದ್ದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ, ಗಾಳದ ಹುಚ್ಚಿನ ಥಾಮಸ್ ಬಗ್ಗೆಯೂ ನಿಮ್ಮಲ್ಲಿ ಒಂದೇ ಸಾಲು. ಕಾವೇರಿಯ ಡುಬ್ಬದ ಬಿಳಿಮೀನಿನ ಬಗ್ಗೆ ಆತ 1873ರಲ್ಲೇ ಬರೆದಿದ್ದ. ಆ ಮೀನು ಯಾವ ಜಾತಿ ಅಂತ ವಿಜ್ಞಾನಿಗಳು ಇತ್ಯರ್ಥ ಮಾಡಿದ್ದು 2018ರಲ್ಲಿ!

ನಾನು ಕೆಲಸ ಕಲಿತದ್ದು ಮಡಿಕೇರಿಯ ಒಂದು ಸಣ್ಣ ಪತ್ರಿಕೆಯಲ್ಲಿ. ಮೊದಲ ಮಳೆಗಾಲ ಪೂರ್ತಿ ಓದುಗರ ಕಾರ್ಡು ವಿಂಗಡಿಸುವುದೇ ಕೆಲಸ. ಕಾರ್ಡೆಲ್ಲ ಒದ್ದೆ, ಶಾಯಿ ಹರಡಿ ಅರ್ಧ ಅಕ್ಷರ ಕಾಣುತ್ತಿರಲಿಲ್ಲ. ನಾಪೋಕ್ಲಿಗೆ ಸಂಜೆ ಬಸ್ಸು ಬರುತ್ತಿಲ್ಲ, ಮೋರಿ ಕಟ್ಟಿದೆ, ಆನೆ ಬಂದು ಬಾಳೆ ಮುರಿದಿದೆ, ಇಂಥವೇ. ಸಂಪಾದಕರು ಕನ್ನಡಕ ಹಣೆಗೇರಿಸಿ ಹೇಳುತ್ತಿದ್ದರು: "ಕಾಗದ ಬರೆದವನಿಗೆ ಏನೋ ಬೇಕಾಗಿರ್ತದೆ, ಮೊದಲು ಅದನ್ನು ಹುಡುಕು. ಉಳಿದದ್ದೆಲ್ಲ ಉಭಯ ಕುಶಲೋಪರಿ." ಆಗ ನನಗೆ ಅವರ ಮೇಲೆ ಸಿಟ್ಟು. ಕಥೆ ಬರೆಯಬೇಕು ಅಂತ ಹೋದವನಿಗೆ ಮೋರಿ ಕಾರ್ಡು ಕೊಟ್ಟರೆ ಇನ್ನೇನಾಗುತ್ತದೆ!

ಡೇಗೆ ಏನು ಬೇಕಿತ್ತು? 1873ರ ವರದಿಗಾಗಿ ಆತ ಜಿಲ್ಲೆ ಜಿಲ್ಲೆಯ ಅಧಿಕಾರಿಗಳಿಗೆ, ತಹಸೀಲ್ದಾರರಿಗೆ ಪ್ರಶ್ನೆ ಕಳಿಸಿದ. ಬಲೆಯ ಕಣ್ಣು ಎಷ್ಟು ಸಣ್ಣದು? ಮರಿ ಮೀನು ಹಿಡಿಯುತ್ತಾರಾ? ಪೇಟೆಗೆ ಸಾಕಷ್ಟು ಮೀನು ಬರುತ್ತಾ? ನೀವು ಇದನ್ನು "ಮತ್ಸ್ಯಸಂಪತ್ತಿನ ಕುರಿತ ಮಾಹಿತಿ ವಿನಿಮಯ" ಅಂತ ಒಂದೇ ಉಸಿರಿಗೆ ಮುಗಿಸಿದ್ದೀರಿ. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೊಟ್ಟೆ ತುಂಬಿದ ಮೀನು ಹತ್ತುತ್ತದೆ. ನಾವು ಗದ್ದೆ ಕಂಡಿಗೆ ಕೂಣಿ, ಅಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ, ಒಡ್ಡಿ ಕಾಯುತ್ತೇವೆ. ಡೇ ಕೋಪವೆಲ್ಲ ಇಂಥ ಕೂಣಿಯ ಮೇಲೆ, ಸಣ್ಣ ಕಣ್ಣಿನ ಬಲೆಯ ಮೇಲೆ. ಆತ ಹೇಳಿದ್ದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಗದ್ದೆಯವನಿಗೆ ವರ್ಷಕ್ಕೊಮ್ಮೆ ಮನೆಬಾಗಿಲಿಗೆ ಬರುವ ಮೀನು ಅದು, ಅಲ್ವಾ? ಆದರೆ ಹೊಳೆಗೆ ಸಿಡಿಮದ್ದಿನ ತೋಟೆ ಹಾಕುವುದು, ವಿಷ ಕದಡುವುದು ಅಪರಾಧ ಅಂತ ಕಾನೂನು ಬಂದದ್ದು 1897ರಲ್ಲಿ, ಡೇ ತೀರಿಕೊಂಡು ಎಂಟು ವರ್ಷವಾದ ಮೇಲೆ. ಈ ತಕರಾರು ಬರೀರಿ. ನಿಮ್ಮ ಅಜ್ಜ ಕೂಣಿ ಇಡುತ್ತಿದ್ದರು ಅಂತ ಕೊನೇ ಪುಟದಲ್ಲಿ ಕಂಸದೊಳಗೆ ಹಾಕಿದ್ದೀರಲ್ಲ, ಅದನ್ನು ಇಲ್ಲಿಗೆ ತನ್ನಿ.

ಎರಡನೇ ಪುಟ ಪೂರ್ತಿ ಹೊಸದಾಗಿ ಬರೆದು ಕಳಿಸಿ. ಈ ಸಲ ಪಿಡಿಎಫ್ ಬೇಡ, ಯೂನಿಕೋಡಿನಲ್ಲಿರಲಿ. ಸೂರ್ಯಾಸ್ತದ ಫೋಟೋ ಬೇಡ, ಕೂಣಿಯದ್ದಿದ್ದರೆ ಹಾಕೋಣ.