ಬರವಣಿಗೆಗೂ ಒಂದು ಪದವಿಯೇ?

ಪ್ರಶ್ನೆ: ನಾನು ಪದವಿಯ ಕೊನೆಯ ವರ್ಷದಲ್ಲಿದ್ದು, ಸ್ನಾತಕೋತ್ತರ ವ್ಯಾಸಂಗಕ್ಕೆ ಸೃಜನಶೀಲ ಬರವಣಿಗೆಯನ್ನು ಆರಿಸಿಕೊಳ್ಳುವ ಆಸೆಯಿದೆ. ಬರವಣಿಗೆ ಹುಟ್ಟಿನಿಂದ ಬರುವಂಥದು, ಅದನ್ನು ತರಗತಿಯಲ್ಲಿ ಕಲಿಸಲಾಗದು ಎಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಹಾಗಾದರೆ ಇಂಥ ಪದವಿಯಿಂದ ದೊರೆಯುವುದೇನು?

ಉತ್ತರ: ನಿಮ್ಮ ಅಧ್ಯಾಪಕರ ಮಾತನ್ನು ಈ ವಿಷಯದ ಅತ್ಯಂತ ಪ್ರಸಿದ್ಧ ವಿಭಾಗವೇ ಒಪ್ಪುತ್ತದೆ. 1936ರಲ್ಲಿ ಆರಂಭವಾದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟವು, ಬರವಣಿಗೆಯನ್ನು ಕಲಿಸಲಾಗದು, ಬರಹಗಾರರಿಗೆ ಉತ್ತೇಜನ ಕೊಡಬಹುದಷ್ಟೇ ಎಂಬ ನಿಲುವನ್ನು ತಾನೇ ಹೇಳಿಕೊಂಡಿದೆ. ಹಾಗಿದ್ದೂ ಅಲ್ಲಿ ಸೇರಲು ವಿದ್ಯಾರ್ಥಿಗಳು ಪೈಪೋಟಿ ನಡೆಸುತ್ತಾರೆಂದರೆ, ಅವರು ಅರಸಿ ಹೋಗುವುದು ಪ್ರತಿಭೆಯನ್ನಂತೂ ಇರಲಾರದು.

ಕಮ್ಮಟದ ಕ್ರಮ ಸರಳವಾದದ್ದು. ಒಬ್ಬರ ಕರಡನ್ನು ಸಹಪಾಠಿಗಳೆಲ್ಲ ಮೊದಲೇ ಓದಿಕೊಂಡು ಬಂದು ಚರ್ಚಿಸುತ್ತಾರೆ; ಅನೇಕ ಕಡೆ, ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ತೆರೆಯುವಂತಿಲ್ಲ. ತಾನು ಹೇಳಬೇಕೆಂದುಕೊಂಡದ್ದಕ್ಕೂ ಪುಟದ ಮೇಲೆ ನಿಜವಾಗಿ ಮೂಡಿರುವುದಕ್ಕೂ ಇರುವ ಅಂತರವು ಈ ಬಲವಂತದ ಮೌನದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಒಂಟಿಯಾಗಿ ಕುಳಿತು ಬರೆಯುವವರಿಗೆ ಕಾಣುವುದು ಕಷ್ಟ. ನನ್ನ ದೃಷ್ಟಿಯಲ್ಲಿ ಈ ಪದವಿ ಕಲಿಸುವ ನಿಜವಾದ ವಿದ್ಯೆ ತಿದ್ದುವಿಕೆ. ಆದರೆ ಎಲ್ಲರನ್ನೂ ಮೆಚ್ಚಿಸಲು ಹೊರಟು, ಕಥೆಯ ಒರಟು ಅಂಚುಗಳನ್ನೆಲ್ಲ ಉಜ್ಜಿ ಸಪಾಟಾಗಿಸುವ ಅಪಾಯವೂ ಅಲ್ಲಿದೆ. ಯಾರ ಮಾತನ್ನು ಬಿಡಬೇಕೆಂಬುದನ್ನೂ ಕಲಿಯಬೇಕಾಗುತ್ತದೆ.

ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯವು 1970ರಲ್ಲಿ ಇಂಥ ಎಂ.ಎ. ಆರಂಭಿಸಿತು. 2017ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಕಾದಂಬರಿಕಾರ ಕಜುವೊ ಇಶಿಗುರೊ ಅಲ್ಲಿ ಓದಿದವರೇ. ಇದನ್ನು ಕೇಳಿ ಹಿಗ್ಗಬೇಡಿ. ಹೆಸರು ಕೇಳಿಬರದ ಪದವೀಧರರ ಪಟ್ಟಿಯನ್ನು ಯಾವ ವಿಭಾಗವೂ ಮುಂದೆ ಹಿಡಿಯುವುದಿಲ್ಲ. ಪ್ರಕಾಶಕರಂತೂ ಪ್ರಮಾಣಪತ್ರ ನೋಡಿ ಹಸ್ತಪ್ರತಿಯನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಸೃಜನಶೀಲ ಬರವಣಿಗೆಯ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಯು ಕಾಲೇಜಿನಲ್ಲಿ ಬರವಣಿಗೆ ಕಲಿಸುವ ಹುದ್ದೆಗೆ ಅರ್ಹತೆಯೆನಿಸುತ್ತದಾದರೂ, ಅಂಥ ಹುದ್ದೆಗಳಿಗೆ ಸ್ಪರ್ಧೆ ತೀವ್ರವಾಗಿದೆ.

ಆದ್ದರಿಂದ ಸಾಲ ಮಾಡಿ ಸೇರುವುದಕ್ಕೆ ಮುಂಚೆ ಎರಡು ಸಲ ಯೋಚಿಸಿ. ಬೋಧನಾ ಸಹಾಯಕರ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಮನ್ನಾ ಮಾಡಿ ವೇತನ ನೀಡುವ ವಿಭಾಗಗಳೂ ಇವೆ. ಮೊದಲು ಅವನ್ನು ಹುಡುಕಿ. ಅಲ್ಲಿ ಕಲಿಸುವವರ ಪುಸ್ತಕಗಳನ್ನು ಓದಿ, ಅವರು ನಿಮ್ಮ ಕರಡನ್ನು ಓದಬೇಕೆಂದು ನಿಮಗೆ ಅನಿಸುತ್ತದೆಯೇ ಎಂದು ನೋಡಿಕೊಳ್ಳಿ. ಆಯ್ಕೆಯಲ್ಲಿ ಸಾಮಾನ್ಯವಾಗಿ ಅಂಕಗಳಿಗಿಂತ ಹೆಚ್ಚು ತೂಕ ಅರ್ಜಿಯೊಂದಿಗೆ ಕಳಿಸುವ ಮಾದರಿ ಬರಹಕ್ಕಿರುವುದರಿಂದ, ನಿಮ್ಮ ಅತ್ಯುತ್ತಮ ಕಥೆಯನ್ನು ತಿದ್ದುವ ಕೆಲಸವನ್ನು ಈಗಲೇ ಆರಂಭಿಸಬಹುದು.